ಮನೆ ಮುಟ್ಟಿಸಿದವನ ಪಾಲು

2006ರ ಆಗಸ್ಟ್ ತಿಂಗಳ ಒಂದು ಶನಿವಾರ ಸಂಜೆ ನಾವು ಐದು ಮಂದಿ ಗೆಳೆಯರು ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಹೊರಟು ಚರ್ಚ್ ಸ್ಟ್ರೀಟ್ ಮುಟ್ಟುವುದರೊಳಗೆ ನಾಲ್ಕು ಕಡೆ ಕೂತೆವು, ನಾಲ್ಕು ಕಡೆ ಕುಡಿದೆವು. ಆ ರಾತ್ರಿ ನಮ್ಮಲ್ಲೊಬ್ಬ ಸತ್ತೇಹೋಗಬಹುದಿತ್ತು. ಉಳಿದ. ಐವರಲ್ಲಿ ಒಬ್ಬ ಕುಡಿದಿರಲಿಲ್ಲ, ಅದಕ್ಕೇ ಉಳಿದ.

ಈ ವರ್ಷ ನಮ್ಮಕ್ಕನ ಕಿರಿಮಗ ಓದಲು ಬೆಂಗಳೂರಿಗೆ ಹೊರಟಿದ್ದಾನೆ. ಬಾಡಿಗೆ ಎಷ್ಟು, ಮೆಸ್ ಎಲ್ಲಿ, ಬಸ್ ಪಾಸ್ ಹೇಗೆ ಎಂದೆಲ್ಲ ಮನೆಯವರು ಅವನಿಗೆ ಹೇಳಿಕೊಟ್ಟರು. ಶನಿವಾರ ಸಂಜೆ ಗೆಳೆಯರು ಬಂದು 'ನಡಿ' ಎಂದಾಗ ಏನು ಮಾಡಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಪಾಮನಕಲ್ಲೂರು. ಈಗ ಮಸ್ಕಿ ತಾಲೂಕು, ನಾನು ಓದುವಾಗ ಬೇರೆ ತಾಲೂಕಿಗೆ ಸೇರಿತ್ತು. ಪಕ್ಕದ ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಭತ್ತದ ಗದ್ದೆಗಳಾದವು, ನಮ್ಮದು ಮಳೆ ನಂಬಿದ ಎರೆಹೊಲ. ತೊಗರಿ, ಸಜ್ಜೆ, ಜೋಳ, ಹತ್ತಿ. 5ಎ ಕಾಲುವೆಗಾಗಿ ನೂರಕ್ಕೂ ಹೆಚ್ಚು ದಿನ ಧರಣಿ ಕೂತ ಊರು ಎಂದರೆ ಪೇಪರ್ ಓದುವವರಿಗೆ ನೆನಪಾದೀತು. ಬೆಂಗಳೂರಿನ ಶ್ರೀರಾಮಪುರದ ನಮ್ಮ ಬಾಡಿಗೆ ಕೋಣೆಯಲ್ಲಿ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ನಾನು ಕಲ್ಲೂರು. ಉಳಿದವರು ಸಿಂಧನೂರು, ಬೀದರ್, ಮಂಡ್ಯ. ಐದನೆಯವನು ಬೆಂಗಳೂರಿನವನೇ, ಜಯನಗರದ ಹುಡುಗ. ಪಬ್ಬುಗಳ ದಾರಿ ಗೊತ್ತಿದ್ದವನು ಅವನೊಬ್ಬನೇ. ನಮಗೆಲ್ಲ ಇಪ್ಪತ್ತೊಂದು ದಾಟಿತ್ತು. ಕರ್ನಾಟಕದ ಅಬಕಾರಿ ನಿಯಮದ ಪ್ರಕಾರ ಮದ್ಯ ಮಾರಬೇಕಾದರೆ ಕೊಳ್ಳುವವನಿಗೆ ಅಷ್ಟು ವಯಸ್ಸಾಗಿರಬೇಕು.

ಸಿಂಧನೂರಿನವನ ಅಪ್ಪ ರೈಸ್‌ಮಿಲ್ಲಿನಲ್ಲಿ ಹಮಾಲಿ. ಮಗ ಕುಡಿಯುತ್ತಿರಲಿಲ್ಲ, ಯಾಕೆ ಎಂದು ಹೇಳುತ್ತಲೂ ಇರಲಿಲ್ಲ. "ನೀನೂ ಬಾರಲೇ, ಸೋಡಾ ಕುಡಿಯಾಕಂತಿ" ಎಂದು ನಾನೇ ಎಳೆದುಕೊಂಡು ಹೋದೆ.

ಮೊದಲನೆಯ ತಪ್ಪು ಮೆಜೆಸ್ಟಿಕ್‌ನಲ್ಲೇ ಆಯಿತು. ಎಂ.ಜಿ. ರಸ್ತೆ ಕಡೆ ದುಬಾರಿ, ಅರ್ಧ ಇಲ್ಲೇ ಮುಗಿಸಿಕೊಂಡು ಹೋದರೆ ಖರ್ಚು ಉಳಿಯುತ್ತದೆ ಎಂದು ಮಂಡ್ಯದವನು ಲೆಕ್ಕ ಹಾಕಿದ. ನಮಗೂ ಸರಿ ಅನ್ನಿಸಿತು. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಚಿಕ್ಕ ಬಾರಿನಲ್ಲಿ ತಲಾ ಒಂದೊಂದು ನೈಂಟಿ ವಿಸ್ಕಿ ತರಿಸಿಕೊಂಡು ಕಡಲೆಬೀಜದ ಜೊತೆ ಇಪ್ಪತ್ತು ನಿಮಿಷದಲ್ಲಿ ಮುಗಿಸಿದೆವು. ಮಧ್ಯಾಹ್ನ ಮೆಸ್ಸಿನಲ್ಲಿ ಉಂಡದ್ದು ಆಗಲೇ ಕರಗಿತ್ತು. ದುಡ್ಡು ಉಳಿಸಬೇಕೆಂದು ರಾತ್ರಿ ಊಟವನ್ನು ನಾವೇ ಬಿಟ್ಟಿದ್ದೆವು.

ಈಗ ಗೊತ್ತಿರುವ ಲೆಕ್ಕ ಆಗ ಗೊತ್ತಿದ್ದರೆ ಅಲ್ಲಿಂದಲೇ ಕೋಣೆಗೆ ಮರಳುತ್ತಿದ್ದೆವು. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮುಗಳಲ್ಲಿ ಆಲ್ಕೋಹಾಲ್ ಪ್ರಮಾಣ ನೂರಕ್ಕೆ 42.8. ಎಂದರೆ 90 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್, 180 ಎಂ.ಎಲ್. ಕ್ವಾರ್ಟರಿನಲ್ಲಿ 60 ಗ್ರಾಂ. ನಮ್ಮ ಯಕೃತ್ತು ಒಂದು ಗಂಟೆಗೆ ಕರಗಿಸುವುದು ಹೆಚ್ಚೂಕಡಿಮೆ ಎಂಟರಿಂದ ಹತ್ತು ಗ್ರಾಂ ಮಾತ್ರ. ಒಂದು ಕ್ವಾರ್ಟರ್ ಕುಡಿದವನ ಮೈಯಿಂದ ಅದು ಪೂರ್ತಿ ಇಳಿಯಲು ಆರೇಳು ತಾಸು ಬೇಕು. ಕಾಫಿ ಕುಡಿಸಿದರೆ, ತಲೆಗೆ ತಣ್ಣೀರು ಸುರಿದರೆ, ಮಜ್ಜಿಗೆಗೆ ನಿಂಬೆ ಹಿಂಡಿ ಕೊಟ್ಟರೆ ಈ ಗಡಿಯಾರ ಒಂದು ನಿಮಿಷವೂ ಮುಂದೆ ಓಡುವುದಿಲ್ಲ. 'ಬರೀ ಬಿಯರ್ ತಾನೇ' ಎನ್ನುವವರೂ ಒಂದು ಲೆಕ್ಕ ಕೇಳಬೇಕು. ನೂರಕ್ಕೆ ಎಂಟರ ಸ್ಟ್ರಾಂಗ್ ಬಿಯರ್, 650 ಎಂ.ಎಲ್. ಬಾಟಲಿ ಒಂದರಲ್ಲಿ 60 ಎಂ.ಎಲ್.ನ ಎರಡು ದೊಡ್ಡ ಪೆಗ್ ವಿಸ್ಕಿಯಷ್ಟೇ ಆಲ್ಕೋಹಾಲ್ ಇರುತ್ತದೆ. ಸ್ಟ್ರಾಂಗ್ ಬಿಯರ್ ಕುಡಿಯುವ ನಮ್ಮ ಕಡೆಯ ಹುಡುಗರಲ್ಲಿ ಇದು ಗೊತ್ತಿರುವವನನ್ನು ನಾನು ಇದುವರೆಗೆ ಕಂಡಿಲ್ಲ.

ಮೆಜೆಸ್ಟಿಕ್‌ನಿಂದ ಬಸ್ ಹಿಡಿದು ಎಂ.ಜಿ. ರಸ್ತೆಗೆ ಇಳಿದೆವು. ಆಗಿನ್ನೂ ಮೆಟ್ರೋ ಕೆಲಸ ಶುರುವಾಗಿರಲಿಲ್ಲ. ರಸ್ತೆಯ ಒಂದು ಬದಿಗೆ ಮರಗಳ ಸಾಲಿನ ಕೆಳಗೆ ನಡೆಯುವ ಹಾದಿ ಇತ್ತು. ಕಾಫಿ ಹೌಸ್ ಇನ್ನೂ ಎಂ.ಜಿ. ರಸ್ತೆಯಲ್ಲೇ ಇತ್ತು. ಶಾನಭಾಗರ ಪ್ರೀಮಿಯರ್ ಪುಸ್ತಕದಂಗಡಿಯೂ ಇತ್ತು. ಹಗಲು ಹೊತ್ತು ನಾನು ಆ ಕಡೆ ಹೋಗುತ್ತಿದ್ದುದು ಅದೊಂದು ಅಂಗಡಿಗಾಗಿ. ಗೋಡೆಯಿಂದ ಗೋಡೆಗೆ ಪೇರಿಸಿಟ್ಟ ಪುಸ್ತಕಗಳ ನಡುವೆ ಅಡ್ಡಡ್ಡ ನುಸುಳಿ, ಕೊಳ್ಳಲು ದುಡ್ಡಿಲ್ಲದೆ ಬೆನ್ನುಹಾಳೆ ಓದಿ ಮರಳುತ್ತಿದ್ದೆ. ಅದೇ ಕಡೆಗೆ ರಾತ್ರಿ ಹೀಗೆ ಬರುತ್ತೇನೆಂದು ಎಣಿಸಿರಲಿಲ್ಲ.

ಎಂಬತ್ತರ ದಶಕದಲ್ಲಿ ಪಬ್ಬುಗಳು ಬೇರುಬಿಟ್ಟದ್ದು ಈ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ, ರೆಸ್ಟ್ ಹೌಸ್ ರಸ್ತೆಗಳ ಸುತ್ತಮುತ್ತ. ಬೆಂಗಳೂರಿಗೆ 'ಪಬ್ ಸಿಟಿ' ಎಂಬ ಹೆಸರು ಬಿದ್ದದ್ದೂ ಇಲ್ಲಿಂದಲೇ. ಬಾಟಲಿಯ ಬದಲು ನಲ್ಲಿಯಿಂದ ಮಗ್ಗಿಗೆ ಹಿಡಿದುಕೊಡುವ ತಣ್ಣನೆಯ ಡ್ರಾಫ್ಟ್ ಬಿಯರ್ ಅವುಗಳ ಗುರುತು. ಸಿನಿಮಾದ ಆಕಾಶನೌಕೆಯಂತೆ ಒಳಗೋಡೆ ಕಟ್ಟಿದ್ದ ನಾಸಾ ಪಬ್ಬನ್ನು ಹೊರಗಿನಿಂದಲೇ ಇಣುಕಿ ನೋಡಿದೆವು. ರೆಸ್ಟ್ ಹೌಸ್ ರಸ್ತೆಯ ಪೆಕೋಸ್‌ಗೆ ಮೆಟ್ಟಿಲು ಹತ್ತಿದೆವು. 1989ರಿಂದ ಇರುವ ಜಾಗ ಅದು. ಮರದ ಬೆಂಚು, ಗೋಡೆ ತುಂಬ ಹಳೆಯ ರಾಕ್ ಹಾಡುಗಾರರ ಚಿತ್ರ, ನಮ್ಮಪ್ಪನ ಕಾಲದ ಇಂಗ್ಲಿಷ್ ಹಾಡು.

ಅಲ್ಲಿ ಕೂತ ಮುಕ್ಕಾಲು ಗಂಟೆಯಲ್ಲಿ ಕಂಡದ್ದನ್ನು ನಾನು ಮುಚ್ಚಿಡುವುದಿಲ್ಲ, ಅದು ನನ್ನ ಕಣ್ಣು ತೆರೆಸಿತು. ಜನ ಬೆಳಕಿನಲ್ಲಿ ಎದುರಾಬದುರು ಕೂತು, ಮಾತಾಡುತ್ತ, ತಿನ್ನುತ್ತ ಒಂದು ಮಗ್ಗನ್ನು ಅರ್ಧ ತಾಸು ಕುಡಿಯುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಅಂಜಿಕೆಯಿಲ್ಲದೆ ಕೂತಿದ್ದರು, ಯಾರೂ ಅವರನ್ನು ತಿರುಗಿ ನೋಡಲಿಲ್ಲ. ಕುಡಿತವೆಂದರೆ ನನಗೆ ಗೊತ್ತಿದ್ದುದು ಕತ್ತಲು, ಅವಸರ, ಬೈಗುಳ. ಇಲ್ಲಿ ಅದೊಂದೂ ಇರಲಿಲ್ಲ.

ನನಗೆ ಗೊತ್ತಿದ್ದುದು ಎಂದರೆ ನಮ್ಮೂರಿನ ಸಂಜೆ.

ತೊಂಬತ್ತರ ದಶಕದಲ್ಲಿ ನಮ್ಮ ಮಾವನಿಗೂ ಒಂದು ಸುತ್ತು ಇತ್ತು. ಹೊಲದಿಂದ ಬಂದು ಕೈಕಾಲು ತೊಳೆದವನೇ ಮೊದಲು ಸೇಂದಿ ಅಂಗಡಿ, ಆಮೇಲೆ ಸಾರಾಯಿ ಅಂಗಡಿ, ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರದ ಮಿರ್ಚಿ ಬಂಡಿ. ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ಮಾವ ಅದರ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ತುಣುಕನ್ನು ತುಪ್ಪಿ, ತಲೆ ಮೇಲಕ್ಕೆತ್ತಿ ಒಂದೇ ಗುಟುಕಿಗೆ ಹಿಂಡಿಕೊಳ್ಳುತ್ತಿದ್ದ. ಕೂರಲು ಜಾಗವಿರಲಿಲ್ಲ, ಕೂರಬೇಕೆಂದು ಯಾರಿಗೂ ಅನ್ನಿಸುತ್ತಲೂ ಇರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತು ಕುಡಿದು, ಬಾಯಿ ಒರೆಸಿಕೊಂಡು, ಇನ್ನೊಂದು ಪ್ಯಾಕೆಟ್. ಸೇಂದಿಯ ಕಥೆ ಬೇರೆ. ಈಚಲು ಮರದ ರಸ ಎಂದು ಹೆಸರು. ಅದಕ್ಕೆ ಸಿ.ಎಚ್. ಪೌಡರ್ ಬೆರೆಸುವ ದಂಧೆಯನ್ನು ರಾಯಚೂರು ಜಿಲ್ಲೆಯಲ್ಲಿ ಕೇಳದವರಿಲ್ಲ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ಔಷಧ. ರಸ ಕುಡಿದೆವೆಂದು ತಿಳಿದವರು ಔಷಧಕ್ಕೆ ಅಂಟಿಕೊಳ್ಳುತ್ತಿದ್ದರು.

ರಾತ್ರಿ ಒಂಬತ್ತಾದರೂ ಮಾವ ಬರದಿದ್ದರೆ ಅವ್ವ ನನ್ನ ಕೈಗೆ ಕಂದೀಲು ಕೊಟ್ಟು "ನಿಮ್ಮತ್ತಿ ಜೋಡಿ ಹೋಗು, ಮಾವನ್ನ ಕರಕೊಂಡು ಬರ್ರಿ" ಅನ್ನುತ್ತಿದ್ದಳು. ಅತ್ತಿ ಮುಂದೆ, ನಾನು ಹಿಂದೆ. ಸಾರಾಯಿ ಅಂಗಡಿಯೊಳಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಬೇವಿನ ಮರದ ಕೆಳಗೆ ಅವಳು ಸೆರಗು ಹೊದ್ದು ನಿಲ್ಲುತ್ತಿದ್ದಳು, ನಾನು ಒಳಹೊಕ್ಕು ಮಾವನ ಅಂಗಿ ಜಗ್ಗುತ್ತಿದ್ದೆ. ಅಲ್ಲಿಂದ ಮನೆ ಇನ್ನೂರು ಹೆಜ್ಜೆ ಇದ್ದೀತು. ಆ ಇನ್ನೂರು ಹೆಜ್ಜೆಗೆ ಅರ್ಧ ತಾಸು ಹಿಡಿದ ರಾತ್ರಿಗಳಿವೆ. ಬಿದ್ದರೆ ಎಬ್ಬಿಸಬೇಕು, ಬೈದರೆ ಕೇಳಿಸಿಕೊಳ್ಳಬೇಕು, ಗಟಾರದ ಕಡೆ ವಾಲಿದರೆ ಈ ಕಡೆಯಿಂದ ಭುಜ ಕೊಡಬೇಕು. ಮನೆಗೆ ಬಂದ ಮೇಲೆ ಅತ್ತಿ ಮೊದಲು ಅವನ ಕಾಲು ತೊಳೆಯುತ್ತಿದ್ದಳು, ಆಮೇಲೆ ಉಣ್ಣುತ್ತಿದ್ದಳು.

ಇದನ್ನೆಲ್ಲ ಎಂಟನೇ ವಯಸ್ಸಿನಿಂದ ನೋಡಿದ ನಾನು ಪೆಕೋಸ್‌ನ ಬೆಂಚಿನ ಮೇಲೆ ಕೂತಾಗ, ಇದು ಅದಲ್ಲ, ಇದು ಬೇರೆಯೇ ಲೋಕ ಎಂದು ನಂಬಿದೆ. ಆ ರಾತ್ರಿ ನನ್ನನ್ನು ಮೋಸಗೊಳಿಸಿದ್ದು ಈ ನಂಬಿಕೆ. ಬೆಂಚು, ಬೆಳಕು, ಹಾಡು ಇವೆಲ್ಲ ಬೇರೆ ಇರಬಹುದು. ಹೊಟ್ಟೆಗೆ ಇಳಿದ ಮೇಲೆ ಮಗ್ಗಿಗೂ ಪ್ಯಾಕೆಟ್ಟಿಗೂ ವ್ಯತ್ಯಾಸವಿಲ್ಲ.

ಪೆಕೋಸ್‌ನಿಂದ ಎದ್ದು ಹೋದ ಮೂರನೆಯ ಜಾಗದ ವೇಟರ್ ಕುಂದಾಪುರ ಕಡೆಯವರು. ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದ ನಮ್ಮನ್ನು ನೋಡಿ ಕನ್ನಡದಲ್ಲೇ ಮಾತಾಡಿದರು. ಎರಡನೇ ಪಿಚರ್ ತಂದಿಡುವಾಗ "ಏನಾದ್ರೂ ತಿನ್ನಿ ಮಾರಾಯ್ರೆ, ಬರೀ ಹೊಟ್ಟೆಯಲ್ಲಿ ಬೇಡ" ಎಂದರು. ಮೆನು ನೋಡಿದೆವು. ಒಂದು ಪ್ಲೇಟ್ ಚಿಕನ್ನಿನ ಬೆಲೆಗೆ ಇನ್ನೊಂದು ಮಗ್ ಬರುತ್ತಿತ್ತು. ಮಗ್ಗನ್ನೇ ತರಿಸಿದೆವು. ಆ ಹಿರಿಯರ ಮಾತಿನಷ್ಟು ಬೆಲೆಯುಳ್ಳ ಮಾತನ್ನು ಆ ರಾತ್ರಿ ಮತ್ತಾರೂ ಆಡಲಿಲ್ಲ. ಊಟ ಮಾಡಿದ ಹೊಟ್ಟೆಯಲ್ಲಿ ಆಲ್ಕೋಹಾಲ್ ನಿಧಾನವಾಗಿ ರಕ್ತ ಸೇರುತ್ತದೆ, ಖಾಲಿ ಹೊಟ್ಟೆಯಿಂದ ನೇರ ಕರುಳಿಗೆ ಇಳಿದು ಒಮ್ಮೆಗೇ ಏರುತ್ತದೆ. ಮಂಡ್ಯದವನು ಮಾತು ನಿಲ್ಲಿಸಿದ್ದು ಅಲ್ಲಿಯೇ. ನಮಗದು ಗೊತ್ತಾಗಲಿಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ನಗುವವನು ಸುಮ್ಮನಾದರೆ ಉಳಿದವರು ತಮ್ಮ ಗದ್ದಲದಲ್ಲಿ ಅದನ್ನು ಗಮನಿಸುವುದಿಲ್ಲ. ಗಮನಿಸಿದವನು ಸಿಂಧನೂರಿನವನೊಬ್ಬನೇ. "ಇವನ ಮಾರಿ ನೋಡ್ರಿ, ಸಾಕಿನ್ನ" ಎಂದ. ನಾಲ್ಕನೆಯ ಕಡೆ ಒಂದೊಂದೇ ಮಗ್ ಎಂದು ನಾವು ಒಪ್ಪಿಸಿದೆವು.

ಹನ್ನೊಂದೂವರೆಗೆ ಬಾಗಿಲು ಮುಚ್ಚಿದರು. ನಾಲ್ಕೂ ಕಡೆಯ ಬಿಲ್ಲು ಸೇರಿ 1,400 ರೂಪಾಯಿ. ಐದರಿಂದ ಭಾಗಿಸಿದರೆ ತಲಾ 280. ಎರಡು ಲೈಮ್ ಸೋಡಾ ಕುಡಿದ ಸಿಂಧನೂರಿನವನೂ 280 ಕೊಟ್ಟ. ಕೊಡುವಾಗ ಕಿಸೆಯಿಂದ ಮಡಚಿದ ನೋಟು ತೆಗೆದು ಎರಡು ಸಲ ಎಣಿಸಿದ್ದು ನನಗೆ ಕಾಣಿಸಿತು. ಕಂಡೂ ಸುಮ್ಮನಿದ್ದೆ. ಅದು ಅವನ ಮುಂದಿನ ತಿಂಗಳ ಮೆಸ್ಸಿನ ದುಡ್ಡು.

ಆಟೋದವರು ಕೇಳಿದಷ್ಟು ನಮ್ಮ ಹತ್ತಿರ ಉಳಿದಿರಲಿಲ್ಲ. ಜಯನಗರದವನು ತನ್ನ ದಾರಿ ಹಿಡಿದ. ನಾವು ನಾಲ್ವರು ಶ್ರೀರಾಮಪುರಕ್ಕೆ ನಡೆದೇ ಹೊರಟೆವು. ಕಸ್ತೂರ್ಬಾ ರಸ್ತೆಯಲ್ಲಿ, ಮ್ಯೂಸಿಯಂ ದಾಟಿ ಕಬ್ಬನ್ ಪಾರ್ಕಿನ ಬೇಲಿಗುಂಟ ಬರುವಾಗ ಮಂಡ್ಯದವನು ಕೂತುಬಿಟ್ಟ. ಕೂತವನು ಮಲಗಿದ. ಕರೆದರೆ ಓಗೊಡಲಿಲ್ಲ. ಕೈ ಮುಟ್ಟಿದರೆ ತಣ್ಣಗೆ. ಬೀದರಿನವನು "ಮಲಗಲಿ ಬಿಡ್ರೋ, ಇಳಿತದ" ಅಂದ. ನಾನು ನೀರು ಹುಡುಕಲು ಹೊರಟೆ.

"ಅಂಗಾತ ಮಲಗಿಸಬ್ಯಾಡ್ರಿ!" ಸಿಂಧನೂರಿನವನ ಆ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವನು ಮೊಣಕಾಲೂರಿ ಕೂತು ಮಂಡ್ಯದವನನ್ನು ಎಡಮಗ್ಗುಲಿಗೆ ಹೊರಳಿಸಿದ. ಮೇಲಿನ ಕಾಲನ್ನು ಮಡಚಿ ಮುಂದಕ್ಕೆ ಎಳೆದು ಊರುಗೋಲಿನಂತೆ ಇಟ್ಟ, ಒಂದು ಕೈಯನ್ನು ಕೆನ್ನೆಯ ಕೆಳಗೆ ಸರಿಸಿದ, ಗದ್ದವನ್ನು ಮೆಲ್ಲಗೆ ಮೇಲಕ್ಕೆತ್ತಿ ಬಾಯಿ ನೆಲದ ಕಡೆ ತೆರೆಯುವಂತೆ ಮಾಡಿದ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ವಾಂತಿಯಾಯಿತು. ಎಚ್ಚರವಿಲ್ಲದೆಯೇ ಆಯಿತು. ಎಲ್ಲವೂ ಹೊರಗೆ ಫುಟ್‌ಪಾತಿನ ಮೇಲೆ ಹರಿದುಹೋಯಿತು. ಅಂಗಾತ ಬಿಟ್ಟಿದ್ದರೆ ಅದು ಶ್ವಾಸನಾಳಕ್ಕೆ ಇಳಿಯುತ್ತಿತ್ತು. ಕುಡಿದು ಮಲಗಿದವರು ಮಲಗಿದಲ್ಲೇ ಸಾಯುವುದು ಬಹಳ ಸಲ ಹೀಗೇ, ಉಸಿರುಗಟ್ಟಿ.

ಗಂಟೆಗಟ್ಟಲೆ ಸಿಂಧನೂರಿನವನು ಅಲ್ಲಿಂದ ಏಳಲಿಲ್ಲ. ಗೆಳೆಯನ ಮೂಗಿನ ಹತ್ತಿರ ಕೈಯ ಹಿಂಬದಿ ಹಿಡಿದು ಉಸಿರು ಎಣಿಸುತ್ತಿದ್ದ. ತನ್ನ ಅಂಗಿ ಬಿಚ್ಚಿ ಹೊದಿಸಿದ. ನೀರು ಕುಡಿಸಲು ಹೋದ ನನ್ನನ್ನು ತಡೆದ, ಎಚ್ಚರವಿಲ್ಲದವನ ಬಾಯಿಗೆ ಏನೂ ಹಾಕಬಾರದು ಅಂದ. "ಉಸಿರು ನಿಧಾನ ಆದ್ರ ಆಸ್ಪತ್ರಿಗೆ ಒಯ್ಯಮು, ರೊಕ್ಕದ ವಿಚಾರ ಆಮ್ಯಾಲ" ಅಂದ. ಇವೆಲ್ಲ ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ತುಸು ಹೊತ್ತು ಸುಮ್ಮನಿದ್ದು ಹೇಳಿದ. ಅವರ ಓಣಿಯ ಹಮಾಲಿಯೊಬ್ಬ ದೀಪಾವಳಿಯ ರಾತ್ರಿ ಹೀಗೆ ಅಂಗಾತ ಮಲಗಿದ್ದಲ್ಲೇ ಹೋಗಿದ್ದ. ಅಂದಿನಿಂದ ಇವನು ತನ್ನ ಅಪ್ಪನನ್ನು ದಿನಾ ರಾತ್ರಿ ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಪಕ್ಕದಲ್ಲಿ ಕೂತು ಓದುತ್ತಿದ್ದ. ಪಿಯುಸಿಯಲ್ಲಿ ಅವನಿಗೆ ಒಳ್ಳೆಯ ಮಾರ್ಕ್ಸ್ ಬಂದದ್ದು ಹಾಗೆ ಓದಿ.

ಬೆಳಗಿನ ಮೂರಕ್ಕೆ ಮಂಡ್ಯದವನು ಕಣ್ಣು ತೆರೆದು ತನ್ನ ಹೆಸರು ಹೇಳಿದ. ಹಡ್ಸನ್ ವೃತ್ತ, ಮೈಸೂರು ಬ್ಯಾಂಕ್, ಮೆಜೆಸ್ಟಿಕ್, ಓಕಳಿಪುರ ದಾಟಿ ಕೋಣೆಗೆ ಬಂದಾಗ ಹಾಲಿನವನು ಬಾಗಿಲು ಬಡಿಯುತ್ತಿದ್ದ. ದಾರಿಯುದ್ದಕ್ಕೂ ಸಿಂಧನೂರಿನವನ ಭುಜದ ಮೇಲೆ ಆ ಗೆಳೆಯನ ಕೈಯಿತ್ತು. ಹಿಂದೆ ನಡೆಯುತ್ತಿದ್ದ ನನಗೆ ನಮ್ಮೂರ ಬೇವಿನ ಮರದಿಂದ ಮನೆಯವರೆಗಿನ ಆ ಇನ್ನೂರು ಹೆಜ್ಜೆ ನೆನಪಾದವು. ಕುಡಿಯುವ ಜಾಗ ಬದಲಾಗಿತ್ತು, ಮನೆ ಮುಟ್ಟಿಸುವ ಕೆಲಸ ಬದಲಾಗಿರಲಿಲ್ಲ. ಆ ಕೆಲಸ ಕುಡಿಯದವರ ಹೆಗಲಿಗೇ ಬಿದ್ದಿತ್ತು.

ಮರುವರ್ಷ, 2007ರ ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅತ್ತಿ ಆ ದಿನ ಹನುಮಪ್ಪನ ಗುಡಿಗೆ ಕಾಯಿ ಒಡೆಸಿದಳಂತೆ. ಮೂರನೇ ರಾತ್ರಿ ಮಾವನಿಗೆ ಕೈ ನಡುಗಲು ಶುರುವಾಯಿತು. ಮೈಯೆಲ್ಲ ಬೆವರು. ಗೋಡೆಯ ಮೇಲೆ ಹುಳು ಹರಿದಾಡುತ್ತಿವೆ ಎಂದು ಕೈಯಿಂದ ಹೊಡೆಯತೊಡಗಿದ. ಗಾಳಿ ಸೋಕಿದೆ ಎಂದು ಮನೆಯವರು ದೇವರಿಗೆ ಒಯ್ದರು, ಬೇವಿನ ಸೊಪ್ಪಿನಿಂದ ಬಡಿಸಿದರು. ಅದು ಗಾಳಿಯಾಗಿರಲಿಲ್ಲ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಮಿದುಳು ಹೀಗೆ ಕೆರಳುತ್ತದೆ. ಫಿಟ್ಸ್ ಬರಬಹುದು, ಪ್ರಾಣವೇ ಹೋಗಬಹುದು. ಅಂಥವರು ಬಿಡಬೇಕು, ಆದರೆ ಡಾಕ್ಟರ ಕಣ್ಣೆದುರು ಬಿಡಬೇಕು. ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಗಳ ಮನೋರೋಗ ವಿಭಾಗದಲ್ಲಿ ಇದಕ್ಕೆ ಔಷಧ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಅದಕ್ಕೆ ದುಡ್ಡು ಬೀಳುವುದಿಲ್ಲ. ಇದೆಲ್ಲ ಆಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾವ ಹೇಗೋ ಉಳಿದ. ಉಳಿದು, ಅಗ್ಗದ ವಿಸ್ಕಿಗೆ ಹೊರಳಿದ. 2011ರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡ. ಅವನಿಗೆ ಆಗ ನಲವತ್ತೇಳು.

ಸಾರಾಯಿ ನಿಂತ ಮೇಲೆ ನಮ್ಮ ಕಡೆಯ ಸುತ್ತಿನ ರೂಪವೇ ಬದಲಾಯಿತು. ಲೈಸೆನ್ಸ್ ಇರುವ ಅಂಗಡಿ ಪಟ್ಟಣದಲ್ಲಿದ್ದರೂ ಮಾಲು ಹಳ್ಳಿಯ ಕಿರಾಣಿ ಅಂಗಡಿಗೆ, ಪಾನ್ ಡಬ್ಬಿಗೆ, ಯಾರದೋ ಮನೆಯ ಹಿತ್ತಿಲಿಗೆ ಬರುತ್ತದೆ. ಸಿಎಲ್-2 ಅಂಗಡಿಯಲ್ಲಿ ಪಾರ್ಸಲ್ ಮಾತ್ರ ಕೊಡಬೇಕು, ಕೂತು ಕುಡಿಯುವುದು ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ. ಹಿತ್ತಿಲ ಅಂಗಡಿಗೆ ಈ ಯಾವ ನಿಯಮವೂ ಇಲ್ಲ, ಹೊತ್ತೂ ಇಲ್ಲ, ವಯಸ್ಸೂ ಕೇಳುವುದಿಲ್ಲ. ನನ್ನ ಅಕ್ಕನ ಹಿರಿಮಗ ಹದಿನೇಳಕ್ಕೇ ಅಲ್ಲಿ ಸಾಲದ ಲೆಕ್ಕ ಇಟ್ಟಿದ್ದ. ಒಂದು ರಾತ್ರಿ ಅವನನ್ನು ಹುಡುಕುತ್ತ ನಾನು ಲಿಂಗಸುಗೂರಿನಿಂದ ಮಸ್ಕಿಯವರೆಗೆ ಬೈಕಿನಲ್ಲಿ ಐದಾರು ಕಡೆ ಇಳಿದು ನೋಡಿದೆ. ಕಾಲೇಜಿನ ಹುಡುಗರು ಬಾರುಗಳ ಒಳಗೆ ಇರಲಿಲ್ಲ. ಬಾರಿನಲ್ಲಿ ಕೂತರೆ ಪರಿಚಯದವರು ಕಾಣುತ್ತಾರೆಂದು ಅವರು ಪಾರ್ಸಲ್ ಕಟ್ಟಿಸಿಕೊಂಡು ಹೊಲದ ಬದುಗಳಿಗೆ, ಕಾಲುವೆಯ ದಂಡೆಗೆ ಹೋಗುತ್ತಾರೆ. ಒಂದು ಬದುವಿನ ಮೇಲೆ ಅವನು ಸಿಕ್ಕ. ಮೊಬೈಲಿನ ಬೆಳಕು, ಪ್ಲಾಸ್ಟಿಕ್ ಲೋಟ, ಒಗ್ಗರಣೆ-ಮಿರ್ಚಿಯ ಪೊಟ್ಟಣ. ಐದು ಹುಡುಗರು, ಎರಡು ಬೈಕು. ಕುಡಿಯದವನು ಒಬ್ಬನೂ ಇರಲಿಲ್ಲ.

ಎರಡು ಬೈಕಿನ ಕೀಲಿಗಳನ್ನೂ ಕಿಸೆಗೆ ಹಾಕಿಕೊಂಡು, ಬೆಳಗಿನವರೆಗೆ ಅವರ ಜೊತೆ ಅಲ್ಲೇ ಕೂತೆ. ಬೈಯಲಿಲ್ಲ. ಸಿಂಧನೂರಿನವನು ನಮ್ಮನ್ನು ಬೈದಿರಲಿಲ್ಲ. ಜೇವರ್ಗಿಯಿಂದ ಬಂದು ಲಿಂಗಸುಗೂರು, ಮಸ್ಕಿ, ಸಿಂಧನೂರು ದಾಟುವ ಹೆದ್ದಾರಿಯಲ್ಲಿ ರಾತ್ರಿ ಲಾರಿಗಳು ಹೇಗೆ ಓಡುತ್ತವೆ ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ನೂರು ಎಂ.ಎಲ್. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ ಅದು ಅಪರಾಧ. 2019ರಿಂದ ಮೊದಲ ಸಲಕ್ಕೆ ದಂಡ 10,000 ರೂಪಾಯಿ, ಆರು ತಿಂಗಳವರೆಗೆ ಜೈಲೂ ಆಗಬಹುದು. ಈ ದಂಡ ಹಳ್ಳಿಯ ದಾರಿಯಲ್ಲಿ ಯಾರನ್ನೂ ತಡೆಯುವುದಿಲ್ಲ. ಕೀಲಿ ಕಸಿದುಕೊಳ್ಳುವ ಒಬ್ಬನಿದ್ದರೆ ತಡೆಯುತ್ತಾನೆ.

ಬೆಳಕು ಹರಿದಾಗ ಆ ಬದುವಿನ ತುಂಬ ಹಳೆಯ ಬಾಟಲಿಗಳ ಚೂರು ಕಂಡವು. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಈ ಚೂರುಗಳನ್ನು ನುಂಗಿಕೊಳ್ಳುತ್ತದೆ, ಆಮೇಲೆ ಎಂದೋ ಮೇಲಕ್ಕೆ ತಳ್ಳುತ್ತದೆ. ಬರಿಗಾಲಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳ ಅಂಗಾಲಿಗೆ, ಎತ್ತಿನ ಗೊರಸಿನ ಸಂದಿಗೆ ಅವು ಹೊಗುತ್ತವೆ. ಅಕ್ಕನ ಬಲ ಅಂಗಾಲಿನಲ್ಲಿ ಅಂಥದೊಂದು ಗಾಯದ ಗುರುತಿದೆ. ಅದನ್ನು ಅವಳ ಮಗನಿಗೆ ತೋರಿಸಿದೆ. ಅವನು ಮಾತಾಡದೆ ಚೂರುಗಳನ್ನು ಆರಿಸಿ ಗೊಬ್ಬರದ ಚೀಲಕ್ಕೆ ತುಂಬತೊಡಗಿದ. ಉಳಿದ ನಾಲ್ವರೂ ಕೈ ಹಾಕಿದರು.

2019ರ ಜನವರಿ 19ರಂದು ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ನಡೆಯಲು ಶುರುಮಾಡಿದರು. ಬೆಂಗಳೂರು ಮುಟ್ಟಿದ್ದು 30ರಂದು. ಸುಮಾರು 200 ಕಿಲೋಮೀಟರ್, ಹನ್ನೆರಡು ದಿನ. ಆ ಆಂದೋಲನದ ಬೇರು ನಮ್ಮ ರಾಯಚೂರು ಜಿಲ್ಲೆಯಲ್ಲಿ. ನಮ್ಮ ಅತ್ತಿಯೂ ಅವರಲ್ಲಿದ್ದಳು. ನೆಲಮಂಗಲದ ಆಚೆ ಹೆದ್ದಾರಿಯ ಅಂಚಿನಲ್ಲಿ ನಾನು ಅವಳನ್ನು ಕಂಡೆ. ಚಪ್ಪಲಿಯ ಅಟ್ಟೆ ಸವೆದು ಹಿಮ್ಮಡಿ ನೆಲಕ್ಕೆ ತಾಗುತ್ತಿತ್ತು. ಎರಡೂ ಪಾದಕ್ಕೆ ಹಳೆಯ ಸೀರೆಯ ಅರಿವೆ ಸುತ್ತಿಕೊಂಡಿದ್ದಳು. ಬಾಟಲಿ ನೀರು ಕೊಟ್ಟೆ. ಕುಡಿದು, ನನ್ನ ಮುಖ ನೋಡಿ ಕೇಳಿದಳು: "ನೀನೂ ಕುಡಿತಿಯೇನಪ?"

ಸುಳ್ಳು ಹೇಳಲಾಗಲಿಲ್ಲ. ವರ್ಷಕ್ಕೊಂದೆರಡು ಸಲ ಎಂದೆ.

"ಮನಿಗಿ ಯಾರು ಕರಕೊಂಡು ಬರ್ತಾರ?" ಎಂದಳು.

ಎಷ್ಟು ಕುಡಿಯುತ್ತೀ, ಯಾವುದು ಕುಡಿಯುತ್ತೀ ಎಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತಿದ್ದ ಪ್ರಶ್ನೆ ಅದೊಂದೇ. ನನ್ನ ಹತ್ತಿರ ಉತ್ತರವಿರಲಿಲ್ಲ. ಆ ದಿನದಿಂದ ನಾನು ಬಿಟ್ಟಿದ್ದೇನೆ. ಮದ್ಯ ನಿಷೇಧ ಬಂದರೆ ಕಳ್ಳಭಟ್ಟಿ ಏಳುತ್ತದೆ, ಖಜಾನೆಗೆ ಖೋತಾ ಆಗುತ್ತದೆ ಎಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲೂ ಸತ್ಯವಿರಬಹುದು. ಆದರೆ ಹಳ್ಳಿಯ ಹಿತ್ತಿಲಲ್ಲಿ ಲೈಸೆನ್ಸಿಲ್ಲದೆ ಮಾರುವುದನ್ನು ನಿಲ್ಲಿಸಲು ಹೊಸ ಕಾನೂನು ಬೇಕಿಲ್ಲ, ಇರುವ ಕಾನೂನು ಸಾಕು. ಅಷ್ಟನ್ನಾದರೂ ಮಾಡಿ ಎಂದು ಕೇಳಲು ಒಬ್ಬ ಅತ್ತಿ ಪಾದಕ್ಕೆ ಅರಿವೆ ಸುತ್ತಿಕೊಂಡು ಅಷ್ಟು ದೂರ ನಡೆಯಬೇಕಾಗಿ ಬಂದದ್ದು ತಪ್ಪು.

ಬೆಂಗಳೂರು, ಧಾರವಾಡ, ಕಲಬುರಗಿ ಎಂದು ಓದಲು ಹೊರಟ ನಮ್ಮ ಕಡೆಯ ಹುಡುಗರಲ್ಲಿ ಕೇಳಿಕೊಳ್ಳುವುದು ಇಷ್ಟು. ಕುಡಿಯದೆ ಇರಲು ಆಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಹೋಗಲೇಬೇಕೆಂದರೆ ಹೊಟ್ಟೆ ತುಂಬ ಉಂಡು ಹೋಗಿ, ಗಾಡಿ ಕೋಣೆಯಲ್ಲೇ ಬಿಡಿ, ಮರಳುವ ಆಟೋದ ದುಡ್ಡನ್ನು ಬೇರೆ ಕಿಸೆಯಲ್ಲಿಡಿ. ಬಿದ್ದವನನ್ನು ಮಗ್ಗುಲಿಗೆ ಹೊರಳಿಸಿ, ಒಬ್ಬನನ್ನೇ ಬಿಟ್ಟು ಏಳಬೇಡಿ, ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಫೋನ್ ಮಾಡಿ. ನಿಮ್ಮ ಗುಂಪಿನಲ್ಲಿ ಕುಡಿಯದವನೊಬ್ಬನಿದ್ದರೆ ಅವನನ್ನು ಒತ್ತಾಯಿಸಬೇಡಿ, ಅವನ ಊಟದ ಬಿಲ್ಲನ್ನು ನೀವು ಕೊಡಿ.

ಆ ಪಾದಯಾತ್ರೆಯ ಮರುತಿಂಗಳು ನಾನು ಸಿಂಧನೂರಿಗೆ ಹೋದೆ. ಗೆಳೆಯ ಈಗ ಅಲ್ಲಿ ಹೈಸ್ಕೂಲ್ ಮೇಷ್ಟ್ರು. ಅವನ ಮನೆಯ ಕಟ್ಟೆಯ ಮೇಲೆ ಕೂತು, 2006ರ ಆ 280 ರೂಪಾಯಿಯನ್ನು ಅವನ ಕೈಗಿಟ್ಟೆ. ಯಾವ ದುಡ್ಡು ಎಂದು ಅವನು ಕೇಳಲಿಲ್ಲ. ಎರಡು ಸಲ ಎಣಿಸಿ, ಮಡಚಿ, ಕಿಸೆಗಿಟ್ಟುಕೊಂಡ.